ಡೋರೀನಳ ಟೀ

"ಬಿಸಿ ಇದೆ, ನಿಧಾನ," ಎನ್ನುತ್ತಾ ಡೋರೀನ್ ತನ್ನ ಕಪ್ಪನ್ನು ಊದಿ, ಒಂದು ಗುಟುಕು ಹೀರಿ, ಹಾಯೆನಿಸಿದವಳಂತೆ ಕಣ್ಣು ಮುಚ್ಚಿದಳು. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಗ್ವೆನ್ ತನ್ನ ಕಪ್ಪಿನೊಳಗೆ ಇಣುಕಿದಳು. "ಅಲ್ರೀ, ಇದ್ರಲ್ಲಿ ಟೀನೇ ಇಲ್ವಲ್ಲ!"

ಡೋರೀನ್ ಬೆಚ್ಚಿ ಕಣ್ಣು ಬಿಟ್ಟಳು. ಮ್ಯಾಂಚೆಸ್ಟರಿನ ಸ್ಟುಡಿಯೋದಲ್ಲಿ, ಟೀವಿ ಧಾರಾವಾಹಿಯೊಂದರ ಟೀ ಅಂಗಡಿಯ ಒಡತಿಯ ಪಾತ್ರದಲ್ಲಿ, ಅರ್ಧ ಆಯುಷ್ಯ ಅವಳು ಅದರೊಳಗಿನ ಇಡೀ ಬೀದಿಗೆ ಟೀ ಕೊಟ್ಟಿದ್ದಳು. ಚೆಲ್ಲಿದರೆ ದೃಶ್ಯ ಕೆಡುತ್ತದೆಂದು ಆ ಕಪ್ಪುಗಳಲ್ಲಿ ಒಂದು ಹನಿಯೂ ಇರುತ್ತಿರಲಿಲ್ಲ. ಬರಿ ಕಪ್ಪನ್ನು ತುಂಬಿದ ಕಪ್ಪಿನಂತೆ ಎತ್ತುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಇವತ್ತು, ಎಷ್ಟೋ ಕಾಲದ ಮೇಲೆ ಎದುರಿಗೊಬ್ಬರು ಬಂದು ಕೂತದ್ದೇ ತಡ, ಕೈ ಹಳೆಯ ಕೆಲಸಕ್ಕೆ ಇಳಿದಿತ್ತು.

"ಟೀವೀಲಿ ನಿಮ್ಮ ಟೀ ನೋಡಿ ನಂಗೆ ಬಾಯಲ್ಲಿ ನೀರೂರ್ತಿತ್ತು. ಒಳ್ಳೇ ಮೋಸ ಕಣ್ರೀ!" ಗ್ವೆನ್ ಬಿದ್ದು ಬಿದ್ದು ನಕ್ಕಳು.

"ಇರಿ, ನಿಜವಾದ್ದೇ ತರ್ತೀನಿ," ಎಂದು ಡೋರೀನ್ ತಾನೂ ನಗುತ್ತಲೇ ಅಡುಗೆಮನೆಗೆ ಹೋದಳು. ಕೆಟಲನ್ನು ನಲ್ಲಿಯ ಕೆಳಗೆ ಹಿಡಿದಳು. ದಿನದ ಒಂದೇ ಕಪ್ಪಿನ ಅಳತೆ ತುಂಬುತ್ತಲೇ ಕೈ ತಾನಾಗಿ ನಲ್ಲಿ ನಿಲ್ಲಿಸಿತು. ಇಬ್ಬರಿಗೆಂದರೆ ಇನ್ನೆಷ್ಟು ನೀರು ಹಿಡಿಯಬೇಕೆಂದು ತೋಚದೆ ಅವಳು ಹಾಗೇ ನಿಂತುಬಿಟ್ಟಳು.