ಹುಟ್ಟು ಹಾಕುವವರ ಜಾಗ

ಮೂರನೆಯ ದಿನ ಬೆಳಿಗ್ಗೆ ಡ್ವೇನನ ಕಾಫಿಗೆ ಹೆಬ್ಬೆರಳುದ್ದದ ಹುಳುವೊಂದು ದೊಪ್ಪನೆ ಬಿತ್ತು. ಕಿತ್ತಳೆ ಹೊಟ್ಟೆ, ಒದ್ದೆ ರೆಕ್ಕೆ. ತಲೆಯೆತ್ತಿ ನೋಡಿದರೆ ದಡದ ಪೊದೆಗಳ ಕೊಂಬೆಕೊಂಬೆಯಲ್ಲೂ ಅದೇ ಹುಳುಗಳು ಪೊರೆ ಕಳಚಿಕೊಳ್ಳುತ್ತಿದ್ದವು. ಹಾರಲು ಹೋಗಿ ಎಷ್ಟೋ ಹುಳುಗಳು ನೀರಿಗೆ ಬೀಳುತ್ತಿದ್ದವು. ಬಿದ್ದಲ್ಲೆಲ್ಲ ಟ್ರೌಟ್ ಮೀನುಗಳು ಬಾಯಿ ತೆರೆದು ಮೇಲೇಳುತ್ತಿದ್ದವು. ವರ್ಷಕ್ಕೊಮ್ಮೆ ಕೆಲವೇ ದಿನ ನಡೆಯುವ ಸುಗ್ಗಿ ಇದು. ಡ್ವೇನ್ ಲೋಟವನ್ನು ಅಲ್ಲೇ ಬಿಟ್ಟು ಗಾಳದ ಕೋಲಿಗೆ ಕೈ ಹಾಕಿದ.

"ಅದನ್ನ ಅಲ್ಲೇ ಇಡು," ಅಂದಳು ಮಾರ್ಲಿಸ್, ತನ್ನ ಡೇರೆ ಮಡಚುತ್ತಾ. "ಇವತ್ತಿಂದ ಗಾಳ ನಂದು."

ಅವರಿಬ್ಬರಿಗೆ ವಿಚ್ಛೇದನವಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಮೊಂಟಾನಾದ ಸ್ಮಿತ್ ನದಿಯಲ್ಲಿ ದೋಣಿ ಇಳಿಸಬೇಕೆಂದರೆ ಲಾಟರಿಯಲ್ಲಿ ಹೆಸರು ಬರಬೇಕು. ಮದುವೆಯಾದಾಗಿನಿಂದ ಅರ್ಜಿ ಹಾಕುತ್ತಲೇ ಬಂದವರಿಗೆ, ಬೇರೆಯಾಗುವ ಮುನ್ನ ಹಾಕಿದ ಕೊನೆಯ ಅರ್ಜಿಯಲ್ಲಿ ಅದೃಷ್ಟ ಖುಲಾಯಿಸಿತು. ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಹಾಗಾಗಿ ಒಂದೇ ರಬ್ಬರ್ ದೋಣಿ, ಎರಡು ಡೇರೆ. ನಡುವೆ ಜಗಳವಾಡಿ ಇಳಿದುಹೋಗೋಣವೆಂದರೆ ಎರಡೂ ಕಡೆ ಗೋಡೆಯಂಥ ಬಂಡೆ. ಒಬ್ಬರು ಗಾಳ ಹಾಕಿದರೆ ಇನ್ನೊಬ್ಬರು ಹಿಂದೆ ಕೂತು ಹುಟ್ಟು ಹಾಕಬೇಕು. ಮೊದಲ ಎರಡು ದಿನ ಗಾಳ ತನಗಿರಲಿ ಎಂದು ಹಟ ಹಿಡಿದು ಪಡೆದವನು ಡ್ವೇನನೇ. ಆ ಎರಡು ದಿನವೂ ನದಿ ತೆಪ್ಪಗಿತ್ತು, ಒಂದು ಮೀನೂ ಗಾಳ ಕಚ್ಚಲಿಲ್ಲ.

"ನಿಂಗೆ ಮೀನು ಹಿಡಿಯೋದು ಅಷ್ಟೇನೂ ಇಷ್ಟ ಇಲ್ವಲ್ಲ ಮಾರ್ಲಿಸ್," ಅಂದ ಅವನು, ಮೆತ್ತಗೆ.

"ಯಾರು ಹೇಳಿದ್ದು?"

"ಇಷ್ಟು ವರ್ಷದಲ್ಲಿ ಒಂದು ದಿನಾನೂ ಗಾಳ ಕೊಡು ಅಂತ ಕೇಳಿದವಳಲ್ಲ."

"ನೀನು ಕೆಳಗಿಟ್ಟಿದ್ರೆ ತಾನೇ ಕೇಳೋದು? ಇಷ್ಟು ವರ್ಷ ಹುಟ್ಟು ಹಾಕಿದ್ದು ನಾನೇ. ದೋಣಿ ಹತ್ತು."

ಡ್ವೇನ್ ಹತ್ತಿದ. ಹುಟ್ಟು ಹಾಕುವುದೇನು ಮಹಾ ಎಂದುಕೊಂಡವನಿಗೆ ಮೊದಲ ತಿರುವಿನಲ್ಲೇ ಬೆವರಿಳಿಯಿತು. ಎಡಕ್ಕೆಂದರೆ ದೋಣಿ ಬಲಕ್ಕೆ ಹೋಯಿತು, ಒಮ್ಮೆ ಬುಗುರಿಯಂತೆ ಸುತ್ತಿತು, ಆಮೇಲೆ ಬಂಡೆಗೆ ಸೊಂಟ ಉಜ್ಜಿಕೊಂಡು ಮುಂದೆ ಸಾಗಿತು. ಮುಂದಿನ ಸೀಟಿನಲ್ಲಿ ಕೂತ ಮಾರ್ಲಿಸ್ ತಿರುಗಿ ನೋಡಲಿಲ್ಲ. ಅವಳ ಭುಜಗಳು ಮಾತ್ರ ನಗುವಿಗೆ ಕುಲುಕುತ್ತಿದ್ದವು.

"ಕುಡಿದಿದ್ದೀಯೇನೋ?"

"ಕಾಫಿ ಕೂಡ ಕುಡಿದಿಲ್ಲ ಕಣೇ."

ಬಿಳಿ ಬಂಡೆಯ ಬುಡದಲ್ಲಿ ಅವಳು ಗರಿ, ನೂಲು ಸುತ್ತಿದ ನಕಲಿ ಹುಳುವನ್ನು ಹಗುರವಾಗಿ ಬಿಟ್ಟಳು. ನೀರು ಚಿಮ್ಮಿತು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಕಂದು ಟ್ರೌಟ್ ಅದನ್ನು ನುಂಗಿ ಹೊಳೆಯ ಕೆಳಮುಖವಾಗಿ ಓಡಿತು. ದಾರ ಸರ್ರನೆ ಬಿಚ್ಚಿಕೊಂಡಿತು. ಅದರ ಹಿಂದೆ ಹೋಗಬೇಕಾದ ದೋಣಿ ಆಗಲೇ ಕಲ್ಲುದಿಬ್ಬಕ್ಕೆ ಹತ್ತಿ ಕೂತಿತು.

"ಡ್ವೇನ್, ದಾರ ಮುಗೀತಾ ಇದೆ."

ಎಷ್ಟು ಎಳೆದರೂ ದೋಣಿ ಅಲುಗಲಿಲ್ಲ. ಡ್ವೇನ್ ನೀರಿಗೆ ಹಾರಿದ. ಹಿಮ ಕರಗಿ ಬಂದ ನೀರು ತೊಡೆಗೆ ಏರಿದಾಗ ಅವನ ಬಾಯಿಂದ ಹೊರಟ ಮಾತನ್ನು ಇಲ್ಲಿ ಬರೆಯಲಾಗದು. ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಎಳೆದ, ಜಾರಿದ, ಎದ್ದು ಮತ್ತೆ ಎಳೆದ. ದೋಣಿ ಕಲ್ಲು ಬಿಟ್ಟು ತೇಲಿತು. ಮೀನು ಸುಸ್ತಾಗಿ ಪಕ್ಕಕ್ಕೆ ಬಂದಾಗ ಬಲೆ ಒಡ್ಡಿದವನೂ ಅವನೇ. ಮಾರ್ಲಿಸ್ ಬಾಗಿ ಅದರ ತುಟಿಯಿಂದ ಗಾಳ ಬಿಡಿಸಿದಳು. ಅಂಗೈ ಮೇಲೆ ನೀರಿನಲ್ಲೇ ಒಂದು ಕ್ಷಣ ಹಿಡಿದುಕೊಂಡಳು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು ಅವರ ರೂಢಿ. ಅದು ಬಾಲ ಬಡಿದು ಹೋಯಿತು.

"ನಾನು ಇಲ್ಲಿವರೆಗೆ ಹಿಡಿದಿದ್ದೆಲ್ಲಕ್ಕಿಂತ ದೊಡ್ಡದು," ಅಂದ ಡ್ವೇನ್, ಹಲ್ಲು ಕಟಕಟಿಸುತ್ತಾ.

"ಗೊತ್ತು. ನೀನು ಹಿಡಿದಿದ್ದನ್ನೆಲ್ಲ ನಾನೇ ನೋಡಿದ್ದೀನಲ್ಲ."

ಮುಂದೆ ನದಿ ಅಗಲವಾಗಿ, ನಿಧಾನವಾಯಿತು. ಡ್ವೇನ್ ಹುಟ್ಟುಗಳನ್ನು ಮೇಲೆತ್ತಿ ಕೂತ. ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ಅವನ ಎದುರಿಗೆ ಮಾರ್ಲಿಸಳ ನೀಲಿ ಅಂಗಿ, ಹೆಗಲ ಮೇಲೆ ತೆವಳುತ್ತಿದ್ದ ಒಂದು ಹುಳು, ಟೋಪಿಯಿಂದ ಹೊರಗಿಣುಕಿದ ನರೆಗೂದಲು. ಬಹಳ ಹೊತ್ತು ಅಷ್ಟನ್ನೇ ನೋಡುತ್ತಿದ್ದ.

"ಇಲ್ಲಿ ಕೂತರೆ ಕಾಣೋದು ಇಷ್ಟೇನಾ?"

"ಏನು ಕಾಣ್ತಿದೆ?"

"ನಿನ್ನ ಬೆನ್ನು."

ಮಾರ್ಲಿಸ್ ಮತ್ತೊಮ್ಮೆ ಗಾಳ ಬೀಸಲು ದಾರ ಸುರುಳಿ ಮಾಡಿಕೊಳ್ಳುತ್ತಿದ್ದಳು. "ನಿನ್ನ ನೆತ್ತಿ ಬೋಳಾಗ್ತಿದೆ ಅಂತ ಮೊದಲು ಗೊತ್ತಾಗಿದ್ದು ನಂಗೆ," ಅಂದಳು.

"ಹೇಳ್ಬಾರ್ದಿತ್ತಾ?"

"ಒಂದು ಸಲ ಹಿಂದೆ ತಿರುಗಿದ್ರೆ ಹೇಳ್ತಿದ್ದೆ."

ಎದುರಿನ ಬಂಡೆಯ ನೆರಳಿನಲ್ಲಿ ಇನ್ನೊಂದು ಮೀನು ಮೇಲೆದ್ದು ಹುಳು ನುಂಗಿತು. ಡ್ವೇನ್ ಹುಟ್ಟುಗಳನ್ನು ಮೆಲ್ಲಗೆ ನೀರಿಗಿಳಿಸಿದ. ಅಂಗೈ ಉರಿಯುತ್ತಿದ್ದರೂ, ಅವಳ ಗಾಳ ಆ ನೆರಳನ್ನು ಮುಟ್ಟುವವರೆಗೆ, ದೋಣಿಯನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಿಸಿದ.