ಕೆರೆದುಹಾಕಿದ ಸಾಲು

ಊರೂರು ತಿರುಗಿ ಅರಸರಿಗೆ ಬುದ್ಧಿ ಹೇಳುತ್ತಿದ್ದ ಷೆನ್ ಗುರುಗಳು ಅರಮನೆಯ ಬಾಗಿಲಲ್ಲೇ ಚಾಕು ತೆಗೆದು, ಬಿದಿರುಪಟ್ಟಿಯ ಮೇಲೆ ಶಿಷ್ಯ ಲುವಾನ್ ಬರೆದಿದ್ದ ಕಥೆಯ ಕೊನೆಯ ಸಾಲನ್ನು ಕೆರೆಯತೊಡಗಿದರು.

"ಗುರುಗಳೇ, ಅದೇ ಮುಖ್ಯ! ಕೊಯ್ಲಿನ ಕಾಲದಲ್ಲಿ ಜನರನ್ನ ಕೋಟೆ ಕಟ್ಟೋಕೆ ಎಳೀಬೇಡಿ ಅಂತ ಹೇಳದಿದ್ರೆ ದೊರೆಗಳಿಗೆ ಹೇಗೆ ಗೊತ್ತಾಗುತ್ತೆ? ನಮ್ಮಪ್ಪ, ಅಣ್ಣ ಅಲ್ಲೇ ಮಣ್ಣು ಹೊರ್ತಿದ್ದಾರೆ. ನವಣೆ ಹೊಲದಲ್ಲೇ ಉದುರ್ತಿದೆ."

"ನೇರವಾಗಿ ಬುದ್ಧಿ ಹೇಳಿದ್ರೆ ದೊರೆಗೆ ಸಿಟ್ಟು ಬರುತ್ತೆ ಕಣಯ್ಯ. ಕಥೆಯೊಂದೇ ಸಾಕು, ಓದು ನಡಿ," ಎಂದು ಗುರುಗಳು ಬಿದಿರಿನ ಪುಡಿ ಊದಿದರು.

ಲುವಾನ್ ಅರಸನ ಮುಂದೆ ಅಳುಕುತ್ತಲೇ ಓದಿದ. ಒಬ್ಬ ಯಜಮಾನ, ರೇಷ್ಮೆಹುಳುಗಳು ಹಸಿದಿರುವಾಗ, ಸೊಪ್ಪು ತರುವವರನ್ನೆಲ್ಲ ಕರೆದು ಹುಳುಮನೆಗೆ ಬಾಗಿಲು ಮಾಡಿಸಿದ. ಬಾಗಿಲು ಭದ್ರವಾಯಿತು, ಅಷ್ಟರಲ್ಲಿ ಹುಳುಗಳೆಲ್ಲ ಸತ್ತಿದ್ದವು. ಕಥೆ ಅಲ್ಲಿಗೇ ಮುಗಿಯಿತು.

ಅರಸ ಹೊಟ್ಟೆ ಹಿಡಿದು ನಕ್ಕ. "ಎಂಥಾ ಪೆದ್ದನಯ್ಯ! ಹುಳುವೇ ಇಲ್ಲದ ಮೇಲೆ ಬಾಗಿಲು ಯಾರನ್ನ ಕಾಯೋಕೆ?" ಹಾಗೆಂದವನ ನಗು ಅರ್ಧಕ್ಕೇ ನಿಂತಿತು. ಕಿಟಕಿಯಾಚೆ ಏಳುತ್ತಿದ್ದ ಕೋಟೆಗೋಡೆಯನ್ನು ತುಂಬ ಹೊತ್ತು ನೋಡಿ, ಮಂತ್ರಿಯತ್ತ ತಿರುಗಿದ.

"ಗೋಡೆ ಕಟ್ಟೋರನ್ನೆಲ್ಲ ಊರಿಗೆ ಕಳಿಸು. ನವಣೆ ಮನೆ ಸೇರಲಿ, ಗೋಡೆ ಆಮೇಲೆ ನೋಡೋಣ."