ಸಾಹೇಬ್ರು ಮಲಗ್ಯಾರ

ಸರ್ಕಾರ ತೆರಿಗೆಯನ್ನು ಹಣದ ಬದಲು ನಿದ್ದೆಯ ರೂಪದಲ್ಲೇ ವಸೂಲಿ ಮಾಡತೊಡಗಿದ ಮೇಲೆ, ಹುಬ್ಬಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದು ನೀಲವ್ವನ ನಿದ್ದೆಯನ್ನೂ ತಿಂಗಳು ತಿಂಗಳು ಮುರಿದುಕೊಂಡಿತ್ತು. ಈಗ ಅವಳು ಕೆಲಸ ಬಿಟ್ಟಿದ್ದಳು. ಮುರಿದುಕೊಂಡಿದ್ದಕ್ಕೆ ಕಾರ್ಖಾನೆ ಕೊಡಬೇಕಾದ ಪುರಾವೆ, ಫಾರಂ ಸಿಕ್ಸ್‌ಟೀನ್ ತೋರಿಸದಿದ್ದರೆ ತೆರಿಗೆ ಇಲಾಖೆ ಮತ್ತೊಮ್ಮೆ ಮುರಿಯುತ್ತದೆ.

"ಸಾಹೇಬ್ರು ಮಲಗ್ಯಾರ. ನಾಳೆ ಬಾರವ್ವಾ," ಎಂದ ಕಾರ್ಖಾನೆಯ ಗುಮಾಸ್ತ.

"ದಿನಾ ಇದನ್ನs ಹೇಳ್ತೀರಲ್ರೀ. ನನ್ನ ನಿದ್ದಿ ಸರ್ಕಾರಕ್ಕ ಕಟ್ಟೀರೋ ಇಲ್ಲೋ?"

ಗುಮಾಸ್ತ ಕಡಿತದ ಖಾತೆಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟ. ಮುಚ್ಚಿದ ಬಾಗಿಲಾಚೆ ಸಾಹೇಬರ ಗೊರಕೆ ನಿಂತು ಕನವರಿಕೆ ಶುರುವಾಯಿತು. ನೀಲವ್ವ ಕಿವಿಗೊಟ್ಟಳು. ತೀರಿಹೋದ ತಾಯಿ ಅವಳಿಗೆ ಕನಸಿನಲ್ಲಷ್ಟೇ ಸಿಗುತ್ತಿದ್ದಳು. ಈ ವರ್ಷ ಒಮ್ಮೆಯೂ ಬಂದಿರಲಿಲ್ಲ.

ಒಳಗೆ ಸಾಹೇಬರು ಮಗುವಿನ ದನಿಯಲ್ಲಿ ಕರೆಯುತ್ತಿದ್ದರು: "ಯವ್ವಾ, ಬಾಗಲಾ ತಗಿ ಬೇ. ನಾನು, ನಿನ್ನ ನೀಲವ್ವ."